ಮೈದುನನ ಕಾರ್ಡು, ನಿಮ್ಮ ವಿಮಾನದ ಟಿಕೆಟ್ಟು

ಮಗಳ ಹೆರಿಗೆ ದಿಲ್ಲಿಯಲ್ಲಿ. ಡಾಕ್ಟರು ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ ನೋವು ಶುರುವಾಗಿದೆ. ನೀವಿರುವುದು ಸುರಪುರದಲ್ಲಿ. ರೈಲು ಹಿಡಿಯಬೇಕೆಂದರೂ ಯಾದಗಿರಿಗೇ ಬರಬೇಕು, ಅಲ್ಲಿಂದ ದಿಲ್ಲಿ ಒಂದು ದಿನಕ್ಕೂ ಮೀರಿದ ದಾರಿ. ಶಂಶಾಬಾದಿನಿಂದ ವಿಮಾನವೇ ಸರಿ ಎಂದು ಮನೆಯವರು ಒಪ್ಪಿದ್ದಾರೆ. ಆದರೆ ತಿಂಗಳ ಕೊನೆ, ಖಾತೆಯಲ್ಲಿ ಅಷ್ಟು ದುಡ್ಡಿಲ್ಲ. ಆಗ ನೆನಪಾಗುವವನು ಯಾರು ಹೇಳಿ? ಬೆಂಗಳೂರಿನ ಮೈದುನ!

“ಕಾರ್ಡಿಂದು ಫೋಟೊ ಕಳಸಪಾ, ಇಲ್ಲೇ ಅಂಗಡ್ಯಾಗ ಬುಕ್ ಮಾಡಿಸ್ತೀನಿ” ಅಂತೀರಿ. ಅವನೂ ಪಾಪ, “ಆತು ವೈನಿ” ಎಂದು ಕಾರ್ಡಿನ ಹಿಂದು ಮುಂದು ಎರಡೂ ಫೋಟೊ ತೆಗೆದು ಕಳಿಸುತ್ತಾನೆ. ಅದು ನಿಮ್ಮ ಮೊಬೈಲಿನಿಂದ ಅಂಗಡಿಯ ಹುಡುಗನ ಮೊಬೈಲಿಗೆ ಹೋಗುತ್ತದೆ.

ಸ್ವಲ್ಪ ನಿಲ್ಲಿ ಗೆಳತಿಯರೇ. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರ ಟಿಕೆಟ್ಟಿಗೆ ದುಡ್ಡು ಕಟ್ಟುವುದು ತಪ್ಪೇನಲ್ಲ. ಕಾರ್ಡಿನವರಿಗೆ ಗೊತ್ತಿರಬೇಕು, ಒಪ್ಪಿರಬೇಕು, ಅಷ್ಟೇ. ಆದರೆ ಕಾರ್ಡು ಕೈಯಿಂದ ಕೈಗೆ ತಿರುಗಬಾರದು. ಮೈದುನನಿಗೇ ಬುಕ್ ಮಾಡಲು ಹೇಳಿ. ಆಧಾರ್ ಕಾರ್ಡಿನಲ್ಲಿ ಇರುವ ಹಾಗೆಯೇ ನಿಮ್ಮ ಹೆಸರು, ಜೊತೆಗೆ ನಿಮ್ಮ ಮೊಬೈಲ್ ನಂಬರ್ ಕೊಟ್ಟರೆ ಸಾಕು, ಟಿಕೆಟ್ಟು ನಿಮ್ಮ ಫೋನಿಗೆ ಬರುತ್ತದೆ.

“ಓಟಿಪಿ ಇಲ್ಲದೆ ದುಡ್ಡು ಹೋಗೂದಿಲ್ಲಲ್ರೀ?” ಎಂದು ಕೇಳುವವರಿದ್ದಾರೆ. ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಆನ್‌ಲೈನ್ ಪಾವತಿಗೆ ಎರಡನೇ ಪರಿಶೀಲನೆ ಕಡ್ಡಾಯ ಮಾಡಿದ್ದು ನಿಜ. ಆದರೆ ವಿದೇಶಿ ವೆಬ್‌ಸೈಟುಗಳಲ್ಲಿ ಓಟಿಪಿ ಕೇಳದೆಯೇ ದುಡ್ಡು ಹೋಗುವುದೂ ಉಂಟು. ಕಾರ್ಡಿನ ನಂಬರು, ಅವಧಿ, ಹಿಂದಿನ ಮೂರು ಅಂಕಿ, ಮೂರೂ ಆ ಫೋಟೊದಲ್ಲೇ ಇವೆಯಲ್ಲ! ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ಬಂದ್ ಮಾಡಿಡಲು ಅವಕಾಶವಿದೆ, ಮೈದುನನಿಗೆ ಅದನ್ನೂ ಹೇಳಿ.

ಈಗ ಯಾರೂ ಮೊದಲೇ ಯೋಚಿಸದ ಸಂಗತಿ. ಶಹಾಪುರದ ನನ್ನ ಗೆಳತಿಯೊಬ್ಬರು ಹೀಗೇ ಮೈದುನನ ಕ್ರೆಡಿಟ್ ಕಾರ್ಡಿನಲ್ಲಿ ಎರಡು ಟಿಕೆಟ್ ಮಾಡಿಸಿದ್ದರು. ದೀಪಾವಳಿಗೆ ಬಂದಾಗ ಅಷ್ಟೂ ದುಡ್ಡನ್ನು ಅವನ ಕೈಗೆ ಎಣಿಸಿ ಕೊಟ್ಟರು. ಆಮೇಲೆ ಅತ್ತೆಗೆ ಹುಷಾರಿಲ್ಲದಂತಾಗಿ ಪ್ರಯಾಣ ರದ್ದಾಯಿತು. ರದ್ದಾದ ಟಿಕೆಟ್ಟಿನ ದುಡ್ಡು ಎಲ್ಲಿಗೆ ಬರುತ್ತದೆ? ಯಾವ ಕಾರ್ಡಿನಿಂದ ಹೋಗಿತ್ತೋ ಅದಕ್ಕೇ. ಅವನು ಬಿಲ್ಲು ನೋಡಲಿಲ್ಲ, ವೈನಿಗೇ ಬಂದಿರಬೇಕು ಅಂದುಕೊಂಡ. ಇವರು, ಇಟ್ಟುಕೊಂಡು ಸುಮ್ಮನಿದ್ದಾನೆ ಅಂದುಕೊಂಡರು. “ಕೇಳೂದು ಹೆಂಗವಾ? ಮೈದುನ ಅಲ್ಲೇನು!” ಎಂದು ನನ್ನ ಮುಂದೆ ಕಣ್ಣೀರು ಹಾಕಿದ್ದರು. ಯುಗಾದಿಯ ಹೊತ್ತಿಗೆ ಮಾತು ಬಾಯಿ ತಪ್ಪಿ ನೆಗೆಣ್ಣಿಯ ಕಿವಿಗೆ ಬಿತ್ತು. ಹಳೆಯ ಬಿಲ್ಲು ತೆಗೆದು ನೋಡಿದರೆ, ರದ್ದತಿ ಶುಲ್ಕ ಕಳೆದು ಉಳಿದದ್ದು ನವೆಂಬರಿನಲ್ಲೇ ಜಮಾ ಆಗಿತ್ತು! ಅವತ್ತೇ ದುಡ್ಡು ಕಳಿಸಿದ. ನೆಗೆಣ್ಣಿ ಮಾತ್ರ ಇವತ್ತಿಗೂ ಫೋನು ಎತ್ತುತ್ತಿಲ್ಲ.

ಹಾಗಾಗಿ ಟಿಕೆಟ್ ಮಾಡಿಸುವಾಗಲೇ ಬಾಯಿಬಿಟ್ಟು ಹೇಳಿಬಿಡಿ: “ರದ್ದಾದ್ರ ನಿನ್ನ ಕಾರ್ಡಿಗೇ ಬರ್ತದ, ನೋಡ್ಕೊಂಡು ಹೇಳು.” ಕ್ರೆಡಿಟ್ ಕಾರ್ಡಾದರೆ ಬಿಲ್ಲಿನ ಕೊನೆಯ ದಿನ ಕೇಳಿಕೊಂಡು, ಅದಕ್ಕೆ ಮೊದಲೇ ದುಡ್ಡು ಮುಟ್ಟಿಸಿ. ತಡವಾದರೆ ಬಡ್ಡಿ ಬೀಳುವುದು ಅವನಿಗೆ.

ವಿದೇಶಕ್ಕೆ ಹೊರಟವರಿಗೆ ಇನ್ನೊಂದು ಮಾತು. ದುಡ್ಡು ಕಟ್ಟಿದ ಕಾರ್ಡು ತೋರಿಸಿ ಎಂದು ಕೆಲವು ವಿಮಾನ ಸಂಸ್ಥೆಗಳು ನಿಲ್ದಾಣದಲ್ಲಿ ಕೇಳುತ್ತವೆ. ಕಾರ್ಡು ಅಳಿಯನದಾದರೆ ಏನು ತರಬೇಕೆಂದು ಸಂಸ್ಥೆಗೆ ಮೊದಲೇ ಫೋನ್ ಮಾಡಿ ಕೇಳಿ. ಒಪ್ಪಿಗೆ ಪತ್ರ, ಕಾರ್ಡಿನ ಮುಂಭಾಗದ ಜೆರಾಕ್ಸ್ ಬೇಕಾಗಬಹುದು. ಜೆರಾಕ್ಸಿನಲ್ಲಿ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದಕ್ಕೆ ಮಸಿ ಬಳಿಯಿರಿ.

ಅವರು ಯಾಕಿಷ್ಟು ಕೇಳುತ್ತಾರೆ ಅಂದರೆ, ಕದ್ದ ಕಾರ್ಡಿನಲ್ಲಿ ಟಿಕೆಟ್ ಮಾಡಿ ಅಗ್ಗಕ್ಕೆ ಮಾರುವ ದಂಧೆ ಜಗತ್ತಿನಾದ್ಯಂತ ಇದೆ. 2014ರ ನವೆಂಬರಿನಲ್ಲಿ ಯುರೋಪೋಲ್ ಮುಂದಾಳತ್ವದಲ್ಲಿ 80 ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಕಾದು ಕುಳಿತು 118 ಜನರನ್ನು ಹಿಡಿದಿದ್ದರು. “ಅರ್ಧ ರೇಟಿಗೆ ಕೊಡಸ್ತೀನಿ ಅಕ್ಕಾ” ಎನ್ನುವ ಅಪರಿಚಿತರ ಟಿಕೆಟ್ಟಿಗೆ ಯಾರ ಕಾರ್ಡು ಉಜ್ಜಿದ್ದಾರೋ ಯಾರಿಗೆ ಗೊತ್ತು? ನಿಲ್ದಾಣದಲ್ಲಿ ಉತ್ತರ ಕೊಡಬೇಕಾದವರು ನೀವು.

ಇಷ್ಟರ ಮೇಲೂ ಕಾರ್ಡಿನಿಂದ ಗೊತ್ತಿಲ್ಲದೆ ದುಡ್ಡು ಹೋಯಿತೇ? ಕಾರ್ಡಿನವರು ತಕ್ಷಣ ಬ್ಯಾಂಕಿಗೆ ಹೇಳಿ ಕಾರ್ಡು ಬಂದ್ ಮಾಡಿಸಲಿ, 1930ಕ್ಕೆ ಫೋನ್ ಮಾಡಲಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ಹೇಳಿದೆ. ಆದರೆ ವಿವರವನ್ನು ತಾವೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಅಂದರೆ ನಿಮಗೆ ಫೋಟೊ ಕಳಿಸಿದ ತಪ್ಪಿಗೆ ದಂಡ ತೆರುವವನು ಮೈದುನ!

ಈಗಾಗಲೇ ಅಂಥ ಫೋಟೊ ಕಳಿಸಿಯಾಗಿದ್ದರೆ ಇವತ್ತೇ ಅಂಗಡಿಗೆ ಹೋಗಿ, ಆ ಹುಡುಗನ ಮೊಬೈಲಿನಿಂದ ನಿಮ್ಮ ಕಣ್ಣೆದುರೇ ಅಳಿಸಿ ಬನ್ನಿ. ನಿಮ್ಮ ಮೊಬೈಲಿನಲ್ಲೂ ಒಂದು ಇದೆ, ಮರೆಯಬೇಡಿ. ಮನಸ್ಸಿಗೆ ಸಮಾಧಾನವಾಗದಿದ್ದರೆ ಮೈದುನ ಆ ಕಾರ್ಡು ಬಂದ್ ಮಾಡಿಸಿ ಹೊಸದು ತೆಗೆದುಕೊಳ್ಳಲಿ.