ಬೇಚರಾಕ್ ಗುಡ್ಡದ ಇಬ್ಬರು ಎಂಪಿಗಳು

ಇಂಗ್ಲೆಂಡಿನ ವಿಲ್ಟ್‌ಶೈರ್ ಜಿಲ್ಲೆಯ ಸಾಲ್ಸ್‌ಬರಿಯಿಂದ ಉತ್ತರಕ್ಕೆ, ಏಮ್ಸ್‌ಬರಿ ರಸ್ತೆ ಹಿಡಿದು ಮೂರು ಕಿಲೋಮೀಟರ್ ಹೋದರೆ ಎಡಗಡೆ ಹಸಿರು ದಿಬ್ಬವೊಂದು ಎದ್ದು ನಿಲ್ಲುತ್ತದೆ. ಸ್ಟೋನ್‌ಹೆಂಜ್ ನೋಡುವ ಆತುರದಲ್ಲಿರುವ ಪ್ರವಾಸಿಗರು ಬಸ್ಸಿನ ಕಿಟಕಿಯಿಂದಲೇ ಇದಕ್ಕೊಂದು ನೋಟ ಎಸೆದು ಮುಂದೆ ಸಾಗುವುದೇ ಹೆಚ್ಚು. ಹೆಸರು ಓಲ್ಡ್ ಸೇರಮ್. 1832ರವರೆಗೆ ಈ ದಿಬ್ಬ ಬ್ರಿಟಿಷ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ದಿಬ್ಬದ ಮೇಲೆ ಮಾತ್ರ ಯಾರೂ ವಾಸವಿರಲಿಲ್ಲ. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳು ಇರುತ್ತವಲ್ಲ, ಹೆಸರುಂಟು, ಗಡಿಯುಂಟು, ಸರ್ವೆ ನಂಬರುಂಟು, ಒಲೆ ಹೊತ್ತಿಸಲು ಒಂದು ಮನೆಯಿಲ್ಲ. ಅಂಥದೊಂದು ಗ್ರಾಮಕ್ಕೆ ಇಬ್ಬರು ಎಂಪಿಗಳನ್ನು ಕೊಟ್ಟರೆ ಹೇಗೋ, ಇದು ಹಾಗೆ.

ಪೂರ್ವದ ಕಡೆಯಿಂದ ಒಳಗೆ ನಡೆದರೆ ಮೊದಲು ಎದುರಾಗುವುದು ಹೊರಸುತ್ತಿನ ಮಣ್ಣಿನ ಏರಿ ಮತ್ತು ಕಂದಕ. ಕ್ರಿಸ್ತನಿಗೆ ಸುಮಾರು ನಾನೂರು ವರ್ಷ ಮೊದಲೇ, ಕಬ್ಬಿಣ ಯುಗದ ಜನ ಗುಡ್ಡದ ನೆತ್ತಿಗೆ ಸುತ್ತಲೂ ತೋಡಿದ್ದು. ಆ ದೊಡ್ಡ ಬಳೆಯ ನಡುವೆ ನಾರ್ಮನ್ನರು ಇನ್ನೊಂದು ಸಣ್ಣ ಬಳೆ ಕೂರಿಸಿದರು. ಅದೇ ಕೋಟೆ. ಒಳಕಂದಕದ ಮೇಲಿನ ಮರದ ಸೇತುವೆ ದಾಟಿದರೆ ಮೊಂಡು ಗೋಡೆಗಳು ಸಿಗುತ್ತವೆ. ಹೊರಮೈಯ ಚಪ್ಪಟೆ ಕಲ್ಲುಗಳನ್ನೆಲ್ಲ ಯಾರೋ ಕಿತ್ತೊಯ್ದಿದ್ದಾರೆ. ಉಳಿದಿರುವುದು ಚಕಮಕಿ ಕಲ್ಲು ಮತ್ತು ಗಾರೆಯ ಹೂರಣ. 1086ರಲ್ಲಿ ವಿಲಿಯಂ ದೊರೆ ನಾಡಿನ ಭೂಮಾಲೀಕರನ್ನು ಇಲ್ಲಿಗೇ ಕರೆಸಿ ತನಗೆ ನಿಷ್ಠೆಯ ಪ್ರಮಾಣ ಮಾಡಿಸಿದ. ಎರಡನೇ ಹೆನ್ರಿ ತನ್ನ ಮೇಲೆ ತಿರುಗಿಬಿದ್ದ ರಾಣಿ ಎಲಿನಾರ್‌ಳನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಾಗ ಆಕೆ ಕಾಲ ಕಳೆದ ಕೋಟೆಗಳಲ್ಲಿ ಇದೂ ಒಂದು.

ಹೊರಸುತ್ತಿನ ವಾಯುವ್ಯ ಮೂಲೆಯಲ್ಲಿ ಹುಲ್ಲಿನ ನಡುವೆ ಒಂದು ಕಟ್ಟಡದ ತಳನಕ್ಷೆ ಕಾಣುತ್ತದೆ. ಅದು ಹಳೆಯ ಕೆಥೆಡ್ರಲ್. 1092ರಲ್ಲಿ ಪ್ರತಿಷ್ಠೆಯಾಗಿ ಐದನೆಯ ದಿನಕ್ಕೇ ಬಿರುಗಾಳಿಗೆ ಸಿಕ್ಕಿ ಜಖಂ ಆಯಿತು. ಮತ್ತೆ ಕಟ್ಟಿದರೂ ಪಾದ್ರಿಗಳಿಗೆ ನೆಮ್ಮದಿಯಿಲ್ಲ. ಗಾಳಿಯ ಅಬ್ಬರಕ್ಕೆ ಪ್ರಾರ್ಥನೆ ಕೇಳಿಸುವುದಿಲ್ಲ, ಸುಣ್ಣಗಲ್ಲಿನ ಬಿಳುಪಿಗೆ ಕಣ್ಣು ಕೋರೈಸುತ್ತದೆ, ನೀರಿಗೆ ದುಡ್ಡು ಸುರಿಯಬೇಕು, ಸಾಲದ್ದಕ್ಕೆ ಕೋಟೆಯ ಸಿಪಾಯಿಗಳು ದಾರಿ ಅಡ್ಡಗಟ್ಟುತ್ತಾರೆ ಎಂದು ಪೋಪನವರೆಗೂ ದೂರು ಹೋಯಿತು. ಏರಿಯ ಮೇಲೆ ಐದು ನಿಮಿಷ ನಿಂತವರಿಗೆ ಗಾಳಿಯ ವಿಷಯದಲ್ಲಿ ಪಾದ್ರಿಗಳು ಉತ್ಪ್ರೇಕ್ಷೆ ಮಾಡಿರಲಿಲ್ಲ ಅನ್ನಿಸುತ್ತದೆ. 1220ರಲ್ಲಿ ಬಿಷಪ್ ರಿಚರ್ಡ್ ಪೂರ್ ಕೆಳಗಿನ ಹೊಳೆಬಯಲಿನಲ್ಲಿ ಹೊಸ ಕೆಥೆಡ್ರಲ್ಲಿಗೆ ಅಡಿಗಲ್ಲು ಹಾಕಿದ. ಅದರ 123 ಮೀಟರ್ ಎತ್ತರದ ಶಿಖರ ಇಲ್ಲಿಂದ ದಕ್ಷಿಣಕ್ಕೆ ಸೂಜಿ ಚುಚ್ಚಿದಂತೆ ಕಾಣುತ್ತದೆ. ದೇವರ ಹಿಂದೆ ಸಂತೆ, ಸಂತೆಯ ಹಿಂದೆ ಜನ ಇಳಿದರು. 1540ರ ಸುಮಾರಿಗೆ ಪ್ರವಾಸಿ ಜಾನ್ ಲೆಲಂಡ್ ಬಂದಾಗ ವಾಸವಿರುವ ಒಂದು ಮನೆಯೂ ಅವನ ಕಣ್ಣಿಗೆ ಬೀಳಲಿಲ್ಲ.

ಜನ ಹೋದರು, ಹಕ್ಕು ಹೋಗಲಿಲ್ಲ. 1295ರಲ್ಲಿ ಮೊದಲನೇ ಎಡ್ವರ್ಡ್ ಕರೆದ ಪಾರ್ಲಿಮೆಂಟಿಗೆ ಈ ಊರಿನಿಂದ ಇಬ್ಬರು ಹೋಗಿದ್ದರು. ಹದಿನಾಲ್ಕನೇ ಶತಮಾನದಲ್ಲಿ ಅದೇ ಪದ್ಧತಿಯಾಯಿತು. ಕೆಳಗಿನ ಹೊಸ ಸಾಲ್ಸ್‌ಬರಿಗೂ ತನ್ನದೇ ಇಬ್ಬರು ಸದಸ್ಯರಿದ್ದರು. ಹೀಗೆ ಒಂದೇ ಊರು ಎರಡಾಗಿ, ಜನವಿದ್ದ ಊರಿಗೂ ಎರಡು ಸೀಟು, ಜನವಿಲ್ಲದ ಊರಿಗೂ ಎರಡು ಸೀಟು.

ಓಟು ಹಾಕುತ್ತಿದ್ದವರು ಯಾರು? ಇಲ್ಲಿ ಮತದ ಹಕ್ಕು ಇದ್ದದ್ದು ಮನುಷ್ಯರಿಗಲ್ಲ, ನಿವೇಶನಗಳಿಗೆ. ಬರ್ಗೇಜ್ ಎಂದು ಕರೆಯುತ್ತಿದ್ದ ಹಳೆಯ ಪೇಟೆಯ ನಿವೇಶನ ಯಾರ ಹೆಸರಿನಲ್ಲಿದೆಯೋ ಅವನಿಗೊಂದು ಮತ. ಮನೆ ಬಿದ್ದು, ನಿವೇಶನ ಗೋಧಿ ಹೊಲವಾದರೂ ಕಾಗದದ ಮೇಲೆ ಅದು ನಿವೇಶನವೇ. ಎಲ್ಲ ನಿವೇಶನಗಳನ್ನೂ ಒಬ್ಬನೇ ಧಣಿ ಕೊಂಡುಕೊಂಡರೆ ಕ್ಷೇತ್ರವೇ ಅವನ ಜೇಬಿನಲ್ಲಿ. ಚುನಾವಣೆ ಬಂದಾಗ ನೆಂಟರಿಗೋ ಗೆಳೆಯರಿಗೋ ವಕೀಲನಿಗೋ ಒಂದೊಂದು ತುಂಡು ಬರೆದುಕೊಟ್ಟು, ಮತ ಹಾಕಿಸಿ, ಮತ್ತೆ ತನ್ನ ಹೆಸರಿಗೆ ಮಾಡಿಕೊಳ್ಳುವುದು ಇಂಥ ಕ್ಷೇತ್ರಗಳ ವಾಡಿಕೆ. ಚುನಾವಣಾಧಿಕಾರಿಯನ್ನು ನೇಮಿಸುವವನೂ ಅದೇ ಧಣಿ. 1831ರಲ್ಲಿ ಓಲ್ಡ್ ಸೇರಮ್ಮಿನ ಮತದಾರರು 11 ಮಂದಿ. ಎಲ್ಲರೂ ಬೇರೆಡೆ ವಾಸವಿದ್ದವರು. ಕೋಟೆಯ ಕೆಳಗೆ, ಹೊಲದಲ್ಲಿ, ಎಲ್ಮ್ ಮರವೊಂದರ ಅಡಿ ಡೇರೆ ಹೊಡೆದು ಆಯ್ಕೆ ಮುಗಿಸುತ್ತಿದ್ದರು. ಆ ಮರಕ್ಕೆ ಪಾರ್ಲಿಮೆಂಟ್ ಮರ ಎಂಬ ಹೆಸರೇ ಬಿದ್ದಿತ್ತು. ಈಗ ಮರವಿಲ್ಲ.

ಕೊಳೆತ ಕ್ಷೇತ್ರ ಎಂದು ಇತಿಹಾಸದ ಪುಸ್ತಕಗಳು ಇದನ್ನು ಗೇಲಿ ಮಾಡುತ್ತವೆ. ಗೇಲಿಯಲ್ಲಿ ತಪ್ಪೇನಿಲ್ಲ, ಆದರೆ ಇದನ್ನೊಂದು ಮರೆತುಹೋದ ವಿಚಿತ್ರ ಎಂದುಕೊಂಡರೆ ಮುಖ್ಯ ವಿಷಯ ಕೈತಪ್ಪುತ್ತದೆ. ಯಾರೂ ಇದನ್ನು ಮರೆತಿರಲಿಲ್ಲ. ಖಾಲಿ ಇದ್ದದ್ದರಿಂದಲೇ ಇದಕ್ಕೆ ಬೆಲೆ. ಜನವಿದ್ದ ಊರಿನಲ್ಲಿ ಬೀರು ಕುಡಿಸಬೇಕು, ಊಟ ಹಾಕಬೇಕು, ಬೈಗುಳ ತಿನ್ನಬೇಕು, ಇಷ್ಟಾದರೂ ಸೋಲಬಹುದು. ಇಲ್ಲಿ ಸೋಲುವ ಭಯವೇ ಇಲ್ಲ. ಅಂಥ ಮಾಲಿಗೆ ಗಿರಾಕಿಗಳು ಬಂದದ್ದು ಎಲ್ಲಿಂದ ಎಂದು ನೋಡಿದರೆ ಕಥೆ ನಮ್ಮ ಕಡೆಗೆ ತಿರುಗುತ್ತದೆ.

ಗುಡ್ಡದ ಪಶ್ಚಿಮಕ್ಕೆ ಕಾಲುದಾರಿ ಹಿಡಿದು ಇಳಿದರೆ ಏವನ್ ಹೊಳೆಯ ಪಕ್ಕ ಸ್ಟ್ರಾಟ್‌ಫರ್ಡ್-ಸಬ್-ಕಾಸಲ್ ಎಂಬ ಹಳ್ಳಿ. ಅಲ್ಲಿನ ಸೇಂಟ್ ಲಾರೆನ್ಸ್ ಚರ್ಚಿನ ಗೋಪುರದ ಮೇಲೆ ದಾನಿಯ ಹೆಸರು ದಪ್ಪಕ್ಷರದಲ್ಲಿದೆ: ಥಾಮಸ್ ಪಿಟ್, 1711. ಈ ಪಿಟ್ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ಕ್ಯಾರೇ ಅನ್ನದೆ ಒರಿಸ್ಸಾದ ಬಾಲಸೋರಿನಲ್ಲಿ ಕಳ್ಳವ್ಯಾಪಾರ ನಡೆಸಿ, ದಂಡ ಕಟ್ಟಿ, ಕೊನೆಗೆ ಅದೇ ಕಂಪನಿಯ ಮದ್ರಾಸ್ ಗವರ್ನರ್ ಆದ ಆಸಾಮಿ. ಗವರ್ನರ್‌ಗಿರಿ 1698ರಿಂದ 1709ರವರೆಗೆ. ಅಲ್ಲಿದ್ದಾಗ ಕೃಷ್ಣಾ ತೀರದ ಕೊಲ್ಲೂರು ಗಣಿಯ 410 ಕ್ಯಾರೆಟ್ಟಿನ ವಜ್ರವೊಂದನ್ನು ಜಾಮ್‌ಚಂದ್ ಎಂಬ ವರ್ತಕನಿಂದ 48,000 ವರಹಕ್ಕೆ ಕೊಂಡ. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಅದನ್ನು ಮಾರಿದ್ದು 1,35,000 ಪೌಂಡಿಗೆ. ಈಗ ಲೂವ್ರ್ ಸಂಗ್ರಹಾಲಯದಲ್ಲಿರುವ ರೀಜೆಂಟ್ ವಜ್ರ ಅದೇ. ವಜ್ರದ ದುಡ್ಡಿನಿಂದಲೇ ಓಲ್ಡ್ ಸೇರಮ್ ಕೊಂಡ ಎಂಬ ಮಾತಿದೆ, ಅದು ಸರಿಯಲ್ಲ. ಕ್ಷೇತ್ರ ಅವನ ಕೈಗೆ ಬಂದದ್ದು ಅದಕ್ಕೂ ಮುಂಚೆ, 1690ರ ಆಸುಪಾಸಿನಲ್ಲಿ. ಅಂದರೆ ಅದು ಬಾಲಸೋರಿನ ಗಳಿಕೆ.

ಪಿಟ್ ಮನೆತನ ನೂರು ವರ್ಷಕ್ಕೂ ಮೀರಿ ಈ ಸೀಟುಗಳನ್ನು ಉಂಡಿತು. ಮಗ ರಾಬರ್ಟ್ ಕುಳಿತ. 1735ರಲ್ಲಿ ಮೊಮ್ಮಗ ವಿಲಿಯಂ 26ನೇ ವಯಸ್ಸಿಗೆ ಇಲ್ಲಿಂದಲೇ ಪಾರ್ಲಿಮೆಂಟ್ ಹೊಕ್ಕ. ಮುಂದೆ ಪ್ರಧಾನಿಯಾದ ಹಿರಿಯ ಪಿಟ್ ಇವನೇ. ಇಂಥ ಪೇಟೆಗಳ ಪ್ರಾತಿನಿಧ್ಯ ಸಂವಿಧಾನದ ಕೊಳೆತ ಭಾಗ, ನೂರು ವರ್ಷ ಬಾಳದು ಎಂದು 1766ರಲ್ಲಿ ಸದನದಲ್ಲಿ ಗುಡುಗಿದವನೂ ಇವನೇ. ಉಂಡ ಮನೆಯ ಜಂತಿ ಎಣಿಸಿದ ಎನ್ನಬಹುದು. ಲೆಕ್ಕವಂತೂ ತಪ್ಪಲಿಲ್ಲ, ಆಮೇಲೆ ಅದು ಬಾಳಿದ್ದು 66 ವರ್ಷ.

ಮನೆತನದ ಕೊನೆಯ ಧಣಿ ಎರಡನೇ ಬ್ಯಾರನ್ ಕ್ಯಾಮಲ್‌ಫರ್ಡ್, ಜಗಳಗಂಟ. ಸುಧಾರಣಾವಾದಿ ಪಾದ್ರಿ ಜಾನ್ ಹಾರ್ನ್ ಟೂಕ್‌ನನ್ನು 1801ರಲ್ಲಿ ಇಲ್ಲಿಂದ ಆರಿಸಿ ಕಳಿಸಿದ. ಇಂಥ ಕ್ಷೇತ್ರಗಳೇ ಇರಬಾರದು ಎಂದು ವಾದಿಸಿದವನು ಇಂಥ ಕ್ಷೇತ್ರದಿಂದಲೇ ಆರಿಸಿ ಬಂದ! ಸರ್ಕಾರ ಗಾಬರಿಯಾಗಿ, ಪಾದ್ರಿಗಳು ಸದಸ್ಯರಾಗಕೂಡದು ಎಂದು ಅದೇ ವರ್ಷ ಕಾಯ್ದೆ ತಂದಿತು. ಮರುವರ್ಷ ಕ್ಯಾಮಲ್‌ಫರ್ಡ್ ಕ್ಷೇತ್ರವನ್ನು 60,000 ಪೌಂಡಿಗೆ ಮಾರಿಬಿಟ್ಟ. ಜಮೀನಿನ ಹುಟ್ಟುವಳಿ ಹೆಚ್ಚೆಂದರೆ ವರ್ಷಕ್ಕೆ 700 ಪೌಂಡ್. ಉಳಿದ ಬೆಲೆಯೆಲ್ಲ ಆ ಎರಡು ಕುರ್ಚಿಗಳದ್ದು.

ಕೊಂಡವನು ಐರ್ಲೆಂಡಿನ ಕ್ಯಾಲಿಡನ್ ಅರ್ಲ್. ಅವನ ಹೆಸರು ಡೂಪ್ರೆ ಅಲೆಗ್ಸಾಂಡರ್. ಅಪ್ಪ ಜೇಮ್ಸ್ ಮದ್ರಾಸ್ ಮತ್ತು ಬಂಗಾಳದಲ್ಲಿ ಕಂಪನಿ ನೌಕರಿಯಲ್ಲಿ ದುಡ್ಡು ಮಾಡಿಕೊಂಡು ಮರಳಿದವನು. ಮಗನಿಗೆ ಡೂಪ್ರೆ ಎಂಬ ಹೆಸರು ಬಂದದ್ದು ಸೋದರತ್ತೆಯ ಗಂಡ ಜೋಸೈಯಸ್ ಡೂಪ್ರೆಯಿಂದ. ಕನ್ನಡಿಗರು ಈ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. 1769ರಲ್ಲಿ ಹೈದರಾಲಿ ಸುಮಾರು ಆರು ಸಾವಿರ ಸವಾರರೊಂದಿಗೆ ಹಠಾತ್ತನೆ ಮದ್ರಾಸಿನ ಹೊರಗಿನ ಪರಂಗಿಮಲೆಗೆ ಬಂದಿಳಿದು ಕಂಪನಿಯ ಕುತ್ತಿಗೆ ಹಿಡಿದಾಗ, ಮಾತುಕತೆಗೆ ಇಂಥವನನ್ನೇ ಕಳಿಸಿ ಎಂದು ಕೇಳಿದ್ದು ಈ ಡೂಪ್ರೆಯನ್ನು. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಗೆದ್ದ ನೆಲವನ್ನು ಇಬ್ಬರೂ ಬಿಟ್ಟುಕೊಡುವುದು, ಒಬ್ಬರ ಮೇಲೆ ಯಾರಾದರೂ ಏರಿಬಂದರೆ ಇನ್ನೊಬ್ಬರು ನೆರವಿಗೆ ನಿಲ್ಲುವುದು. ಮರುವರ್ಷ ಡೂಪ್ರೆ ಮದ್ರಾಸಿನ ಗವರ್ನರ್ ಆದ. 1771ರಲ್ಲಿ ಮರಾಠರು ನುಗ್ಗಿ ಬಂದು ಪಾಂಡವಪುರದ ಹತ್ತಿರದ ಚಿನಕುರಳಿಯಲ್ಲಿ ಹೈದರನ ಸೈನ್ಯವನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಮದ್ರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಹೈದರ್ ಅದನ್ನು ಕೊನೆಯವರೆಗೂ ಮರೆಯಲಿಲ್ಲ. 1780ರ ಯುದ್ಧದ ಹಿಂದೆ ಆ ಕಿಚ್ಚೂ ಇತ್ತು.

ಚಿನಕುರಳಿಗೂ ಈ ಗುಡ್ಡಕ್ಕೂ ನೇರ ಗಂಟು ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಪಿಟ್ಟನಿಂದ ಅಲೆಗ್ಸಾಂಡರ್‌ವರೆಗೆ ಗುಡ್ಡ ಎರಡು ಸಲ ಕೈಬದಲಾಯಿತು, ಎರಡು ಸಲವೂ ಕೊಂಡವರ ಸಿರಿಯ ಬೇರು ಇಂಡಿಯಾದಲ್ಲೇ ಇತ್ತು. ಇಂಡಿಯಾದ ಕಂಪನಿಯನ್ನು ಹದ್ದುಬಸ್ತಿನಲ್ಲಿಡುವ ಕಾಯ್ದೆಗಳು ಚರ್ಚೆಯಾಗುತ್ತಿದ್ದ ಸದನಕ್ಕೆ ಆ ದುಡ್ಡೇ ಸದಸ್ಯರನ್ನು ಕಳಿಸುತ್ತಿತ್ತು. 1831ರಲ್ಲಿ ಆಯ್ಕೆಯಾದ ಕೊನೆಯ ಇಬ್ಬರು, ಜೇಮ್ಸ್ ಅಲೆಗ್ಸಾಂಡರ್ ಮತ್ತು ಜೋಸೈಯಸ್ ಡೂಪ್ರೆ ಅಲೆಗ್ಸಾಂಡರ್, ಅರ್ಲನ ಬಂಧುಗಳು. ಇಬ್ಬರಿಗೂ ಕಂಪನಿಯ ನಂಟು.

ಅಷ್ಟು ಹೊತ್ತಿಗೆ ಮ್ಯಾಂಚೆಸ್ಟರ್ ಪಟ್ಟಣದ ಜನಸಂಖ್ಯೆ ಲಕ್ಷ ದಾಟಿತ್ತು, ಅದಕ್ಕೆ ಪಾರ್ಲಿಮೆಂಟಿನಲ್ಲಿ ಒಂದೂ ಸೀಟಿರಲಿಲ್ಲ. ಲೇಖಕ ಥಾಮಸ್ ಪೇನ್ ನಲವತ್ತು ವರ್ಷ ಮೊದಲೇ ಈ ಎರಡೂ ಊರುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದ. ಪತ್ರಕರ್ತ ವಿಲಿಯಂ ಕಾಬೆಟ್ ಈ ಗುಡ್ಡವನ್ನು ಶಾಪಗ್ರಸ್ತ ಎಂದು ಕರೆದ. ಇಂಥ ಕ್ಷೇತ್ರಗಳನ್ನು ತೆಗೆದುಹಾಕುವ ಸುಧಾರಣಾ ಮಸೂದೆಯ ಮೊದಲ ಪ್ರತಿ 1831ರ ಮಾರ್ಚ್‌ನಲ್ಲಿ ಎರಡನೇ ವಾಚನ ದಾಟಿದ್ದು ಒಂದೇ ಒಂದು ಮತದಿಂದ, 302ಕ್ಕೆ 301. ಎರಡನೇ ಪ್ರತಿಯನ್ನು ಮೇಲ್ಮನೆ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು, ಜನ ರೊಚ್ಚಿಗೆದ್ದು ಬ್ರಿಸ್ಟಲ್‌ನಲ್ಲಿ ಬೆಂಕಿ ಬಿತ್ತು, ಕೊನೆಗೆ 1832ರ ಜೂನ್ 7ರಂದು ಕಾಯ್ದೆಯಾಯಿತು. 56 ಕ್ಷೇತ್ರಗಳು ಒಂದೇ ಪೆಟ್ಟಿಗೆ ಹೋದವು. ಮ್ಯಾಂಚೆಸ್ಟರಿಗೆ ಎರಡು ಸೀಟು ಬಂತು. ಬಡವರಿಗೆ ಮತ ಬರಲಿಲ್ಲ, ಹೆಂಗಸರಿಗಂತೂ ಇಲ್ಲವೆಂದು ಕಾಯ್ದೆಯಲ್ಲೇ ಬರೆದರು.

ಧಣಿಗಳಿಗೆ ಪರಿಹಾರ? 1800ರಲ್ಲಿ ಐರಿಷ್ ಪಾರ್ಲಿಮೆಂಟನ್ನು ಮುಚ್ಚಿದಾಗ ಸೀಟು ಕಳೆದುಕೊಂಡ ಪ್ರತಿ ಕ್ಷೇತ್ರದ ಒಡೆಯನಿಗೆ 15,000 ಪೌಂಡ್ ಎಣಿಸಿಕೊಟ್ಟಿದ್ದರು. ಹಿರಿಯ ಪಿಟ್ಟನ ಮಗ ಕಿರಿಯ ಪಿಟ್ ಕೂಡ 1785ರಲ್ಲಿ ಸೀಟುಗಳನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಯೋಜನೆ ಮಾಡಿ ಸೋತಿದ್ದ. 1832ರಲ್ಲಿ ಚಿಕ್ಕಾಸೂ ಕೊಡಲಿಲ್ಲ. ಕ್ಯಾಲಿಡನ್ ಅರ್ಲನಿಗೆ ಉಳಿದದ್ದು ವರ್ಷಕ್ಕೆ 700 ಪೌಂಡಿನ ಹೊಲ.

ನೋಡಹೋಗುವವರಿಗೆ: ಒಳಕೋಟೆಗೆ ಟಿಕೆಟ್ ಉಂಟು, ಹೊರಸುತ್ತು, ಕೆಥೆಡ್ರಲ್ಲಿನ ತಳನಕ್ಷೆ, ಏರಿಯ ಮೇಲಿನ ನಡಿಗೆ ಪುಕ್ಕಟೆ. ದಪ್ಪನೆಯ ಸ್ವೆಟರ್ ಇರಲಿ. ವಾಪಸ್ ಬರುವಾಗ ಬಸ್ಸು ಬಿಟ್ಟು ಸ್ಟ್ರಾಟ್‌ಫರ್ಡ್ ಹಳ್ಳಿಯ ಮೂಲಕ ನಡೆದು ಬನ್ನಿ, ಪಿಟ್ಟನ ಗೋಪುರ ದಾರಿಯಲ್ಲೇ ಸಿಗುತ್ತದೆ.