ಕಾಣದ ಮುಖಗಳ ನಗೆ

ಚಿತ್ರಮಂದಿರದಲ್ಲಿ ಓಡುತ್ತಿದ್ದ ಚಿತ್ರವನ್ನು ನಡುವೆ ನಿಲ್ಲಿಸಿ ಪ್ರೇಕ್ಷಕರಿಗೆ ಹದಿನೈದು ನಿಮಿಷ ರೇಡಿಯೋ ಕೇಳಿಸುತ್ತಿದ್ದ ಕಾಲವೊಂದು ಅಮೆರಿಕದಲ್ಲಿತ್ತೆಂದರೆ ಇಂದಿನವರು ನಂಬಲಾರರು. ಜನ ಹಾಗೆ ಕಾತರಿಸಿ ಕೇಳುತ್ತಿದ್ದುದು ‘ಏಮಸ್ ಅಂಡ್ ಆಂಡಿ’ ಎಂಬ ನಗೆಯ ಧಾರಾವಾಹಿಯನ್ನು.

ಅದನ್ನು ಬರೆದವರೂ ಆಡಿದವರೂ ಇಬ್ಬರೇ: ಫ್ರೀಮನ್ ಗಾಸ್ಡನ್ ಮತ್ತು ಚಾರ್ಲ್ಸ್ ಕೊರೆಲ್. 1926ರಲ್ಲಿ ಚಿಕಾಗೋದ ನಿಲಯವೊಂದರಲ್ಲಿ ಬೇರೆ ಹೆಸರಿನಿಂದ ತೊಡಗಿದ ಈ ಜೋಡಿ 1928ರಲ್ಲಿ ಇನ್ನೊಂದು ನಿಲಯಕ್ಕೆ ಸಾಗಿ ಈ ಹೆಸರನ್ನು ತಳೆಯಿತು, ಮರುವರ್ಷ ಎನ್.ಬಿ.ಸಿ. ಸಂಸ್ಥೆ ಅವರನ್ನು ದೇಶಕ್ಕೆಲ್ಲ ಕೇಳಿಸಿತು.

ಕಥೆಯೇನು ದೊಡ್ಡದಲ್ಲ. ದಕ್ಷಿಣದ ಹಳ್ಳಿಯಿಂದ ನಗರಕ್ಕೆ ಬಂದ ಇಬ್ಬರು ಕಪ್ಪು ಗೆಳೆಯರು. ಏಮಸ್ ದುಡಿಯುವವನು, ಆಂಡಿ ಬಡಾಯಿಕೋರ. ಅವರ ಏಕೈಕ ಬಾಡಿಗೆ ಕಾರಿಗೆ ಎದುರಿನ ಗಾಜೇ ಇಲ್ಲ. ಆದಕಾರಣ ಕಂಪನಿಯ ಹೆಸರು ‘ಶುದ್ಧ ಗಾಳಿ ಟ್ಯಾಕ್ಸಿ’! ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಬರಿಗೈಯವರ ಈ ವ್ಯಾಪಾರ ಕೇಳುಗರಿಗೆ ತಮ್ಮದೇ ಸಂಸಾರದಂತೆ ತೋರಿದ್ದರೆ ಸೋಜಿಗವಿಲ್ಲ. ಇವರ ಕೌಶಲವಾದರೂ ಎಂಥದು! ಮೈಕಿಗೆ ಹತ್ತಿರ ಸರಿದು, ದೂರ ಸರಿದು, ದನಿಯನ್ನು ಏರಿಸಿ ಇಳಿಸಿ, ಇಬ್ಬರೇ ಒಂದು ಕೇರಿಯನ್ನೇ ನುಡಿಸುತ್ತಿದ್ದರು. ನಮ್ಮ ವಿದೂಷಕನಿಗೆ ವೇಷವಾದರೂ ಬೇಕು.

ಆದರೆ ಗಾಸ್ಡನ್, ಕೊರೆಲ್ ಇಬ್ಬರೂ ಬಿಳಿಯರು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟ ಅಲ್ಲಿಯ ರಂಗಭೂಮಿಯಲ್ಲಿ ಹಳೆಯದು. ರೇಡಿಯೋದಲ್ಲಿ ಮಸಿಯೂ ಬೇಡವಾಯಿತು, ನಾಲಗೆಯೊಂದೇ ಸಾಕಾಯಿತು. 1931ರಲ್ಲಿ ಕಪ್ಪು ಜನರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ ಇದನ್ನು ನಿಲ್ಲಿಸಬೇಕೆಂದು ಹತ್ತು ಲಕ್ಷ ಸಹಿಗಳ ಸಂಗ್ರಹಕ್ಕೆ ಹೊರಟಿತು. ವಿಚಿತ್ರವೆಂದರೆ, ಅದೇ ವರ್ಷ ಅದೇ ಜನರ ‘ಚಿಕಾಗೋ ಡಿಫೆಂಡರ್’ ಪತ್ರಿಕೆ ತನ್ನ ಮಕ್ಕಳ ಉತ್ಸವಕ್ಕೆ ಈ ಜೋಡಿಯನ್ನೇ ಅತಿಥಿಗಳಾಗಿ ಕರೆಯಿತು. ನಕ್ಕವರಲ್ಲಿ ಕಪ್ಪು ಜನರೂ ಇದ್ದರೆಂಬುದನ್ನು ಮರೆಮಾಚಲಾಗದು. ಅದರಿಂದ ಅಣಕ ಅಣಕವಲ್ಲದೆ ಹೋಗುವುದಿಲ್ಲ.

1951ರಲ್ಲಿ ಇದು ಟೆಲಿವಿಷನ್ನಿಗೆ ಬಂದಾಗ ಮುಖ ತೋರಿಸದೆ ಗತಿಯಿರಲಿಲ್ಲ. ಕಪ್ಪು ನಟರನ್ನೇ ಆರಿಸಬೇಕಾಯಿತು. ಪ್ರತಿಭಟನೆಗಳ ನಡುವೆ 1953ರಲ್ಲಿ ಅದು ನಿಂತಿತು. ಮರುಪ್ರಸಾರವೂ 1966ರಲ್ಲಿ ಕೊನೆಗೊಂಡಿತು. ಆಂಡಿಯ ಪಾತ್ರ ವಹಿಸಿದ್ದವರು ಸ್ಪೆನ್ಸರ್ ವಿಲಿಯಮ್ಸ್. ಕಪ್ಪು ಜನ ಹೇಗೆ ಮಾತನಾಡುತ್ತಾರೆಂಬುದನ್ನು ಗಾಸ್ಡನ್ ಅವರಿಗೆ ಹೇಳಿಕೊಡಲು ಹೋದರು. ವಿಲಿಯಮ್ಸ್ ಕಲಿಯಲು ಒಪ್ಪಲಿಲ್ಲ.