ಕಾವಲಿಯ ಲೆಕ್ಕ

ಭಾನುವಾರ ಬೆಳಿಗ್ಗೆ ಒಂಬತ್ತು. ದರ್ಶಿನಿಯ ಬಿಲ್ ಕೌಂಟರಿನ ಸಾಲು ಫುಟ್‌ಪಾತಿಗೆ ಇಳಿದಿದೆ. "ಇನ್ನೊಬ್ಬ ಕ್ಯಾಷಿಯರನ್ನ ಕೂರಿಸೋಕೆ ಏನಾಗಿದೆ ಇವರಿಗೆ?" ಎಂದು ಯಾರೋ ಗೊಣಗುತ್ತಾರೆ. ಸಾಲು ಎಲ್ಲಿ ಕಂಡಿತೋ ಕೊರತೆ ಅಲ್ಲೇ ಎಂಬ ನಂಬಿಕೆ ಇದು. ಹೋಟೆಲಿನಲ್ಲೂ ಉಂಟು, ಕಾರ್ಖಾನೆಯಲ್ಲೂ ಉಂಟು.

ಕಾವಲಿಯ ಹತ್ತಿರ ನಿಂತು ನೋಡಿ. ಒಂದು ಸುತ್ತಿಗೆ 12 ದೋಸೆ ಎನ್ನೋಣ. ಹುಯ್ದು, ಎಣ್ಣೆ ಬಿಟ್ಟು, ಪಲ್ಯ ಇಟ್ಟು, ಮಡಚಿ ತೆಗೆಯಲು 3 ನಿಮಿಷ. ಗಂಟೆಗೆ 240 ಎಂದು ಮಾಲೀಕರು ಲೆಕ್ಕ ಹಾಕಿಯೇಬಿಟ್ಟರು. ಆದರೆ ಪ್ರತಿ ಸುತ್ತಿಗೂ ಭಟ್ಟರು ನೀರು ಚಿಮುಕಿಸಬೇಕು, ಕಡ್ಡಿಪೊರಕೆಯಲ್ಲಿ ಗುಡಿಸಬೇಕು, ಕಾವು ಹದಕ್ಕೆ ಬರಲು ಬಿಡಬೇಕು. ಅದಕ್ಕೊಂದು ನಿಮಿಷ. ಅಲ್ಲಿಗೆ 240 ಹೋಗಿ 180 ಆಯಿತು. ಕಾರ್ಖಾನೆಗಳಲ್ಲಿ ಅಚ್ಚು ಬದಲಿಸುವ, ಯಂತ್ರ ಒರೆಸುವ ಹೊತ್ತನ್ನು ಮರೆಯುವುದೂ ಇದೇ ಜಾತಿಯ ತಪ್ಪು.

ಕ್ಯಾಷಿಯರ್ 15 ಸೆಕೆಂಡಿಗೊಂದು ಬಿಲ್ ಹರಿದರೆ ಗಂಟೆಗೆ 240. ತಲೆಗೊಂದು ದೋಸೆ ಎಂದರೂ ಅವನೇ ಕಾವಲಿಗಿಂತ ಮುಂದಿದ್ದಾನೆ. ಇನ್ನೊಬ್ಬನನ್ನು ಕೂರಿಸಿದರೆ ಒಂದು ದೋಸೆಯೂ ಹೆಚ್ಚಾಗದು. ಫುಟ್‌ಪಾತಿನಲ್ಲಿದ್ದ ಜನ ಚೀಟಿ ಹಿಡಿದು ಕಾವಲಿಯ ಮುಂದೆ ಮುಗಿಬೀಳುತ್ತಾರೆ, ಅಷ್ಟೇ. ದುಡ್ಡು ಕೊಟ್ಟಾಗಿದೆಯಲ್ಲ, ಸಿಟ್ಟೂ ಜಾಸ್ತಿ.

"ದಿನಕ್ಕೆ 900 ದೋಸೆ, ಹತ್ತು ಗಂಟೆ ಕೆಲಸ, ಗಂಟೆಗೆ 90, ಕಾವಲಿ ಧಾರಾಳ ಸಾಕು" ಎನ್ನುವವರೂ ಇದ್ದಾರೆ. ಸರಾಸರಿಗೆ ಹಸಿವಾಗುವುದಿಲ್ಲ! ಎಂಟರಿಂದ ಹತ್ತರೊಳಗೆ 500 ಜನ ಬಂದರೆ ಮಧ್ಯಾಹ್ನ ಮೂರರ ಖಾಲಿ ಕಾವಲಿಯಿಂದ ಅವರಿಗೇನು ಪ್ರಯೋಜನ?

ಇನ್ನು, ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ: ಆಳೂ ಯಂತ್ರವೂ ಒಂದು ಕ್ಷಣ ಸುಮ್ಮನೆ ಕೂತರೆ ನಷ್ಟ. ಇದು ನಿಜವೇ ಎಂದು ಸಾಲುಗಳ ಗಣಿತವನ್ನೇ ಕೇಳೋಣ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಕರೆಗಳ ದಟ್ಟಣೆಯ ಗಣಿತವನ್ನು 1909ರಲ್ಲೇ ಬರೆದರು. ಸಾಲುಗಳ ಶಾಸ್ತ್ರ ಬೆಳೆದದ್ದು ಅಲ್ಲಿಂದ. ಒಬ್ಬರೇ ವೈದ್ಯರಿರುವ ಕ್ಲಿನಿಕ್ ತೆಗೆದುಕೊಳ್ಳಿ. ರೋಗಿಗಳು ಬರುವುದಕ್ಕೂ ಹೊತ್ತುಗೊತ್ತಿಲ್ಲ, ತಪಾಸಣೆಗೂ ಸಮನಾದ ಅಳತೆಯಿಲ್ಲ. ಸರಾಸರಿ 5 ನಿಮಿಷ. ಆ ಶಾಸ್ತ್ರದ ಅತಿ ಸರಳ ಸೂತ್ರದ ಪ್ರಕಾರ, ವೈದ್ಯರ ಹೊತ್ತಿನಲ್ಲಿ ಶೇ. 80 ತುಂಬಿದ್ದರೆ ರೋಗಿ ಸರಾಸರಿ 20 ನಿಮಿಷ ಕಾಯುತ್ತಾನೆ. ಶೇ. 90 ಆದರೆ 45 ನಿಮಿಷ. ಶೇ. 95ಕ್ಕೆ 95 ನಿಮಿಷ! ತೊಂಬತ್ತರ ಮೇಲೆ ಇನ್ನೈದು ಪರ್ಸೆಂಟ್ ಹಿಂಡಿದ್ದಕ್ಕೆ ಕಾಯುವಿಕೆ ಎರಡರಷ್ಟಕ್ಕೂ ಮಿಕ್ಕಿತು. ಸೋಮಾರಿತನದ ಹಾಗೆ ಕಾಣುವ ಆ ಖಾಲಿ ಹೊತ್ತೇ ಸಾಲು ಬೆಳೆಯದಂತೆ ತಡೆಯುವುದು.

ಹಾಗಾದರೆ ಬಿಡುವಿನಲ್ಲಿ ಮಾಡಿಟ್ಟುಕೊಂಡರಾಯಿತಲ್ಲ? ಸರಕಾದರೆ ಸರಿ. ಹಾಲು ಹೆಚ್ಚಾದ ದಿನಗಳಲ್ಲಿ ಕೆಎಂಎಫ್ ಅದನ್ನು ಪುಡಿ ಮಾಡಿಡುತ್ತದೆ. ಸೇವೆಗೆ ಈ ಅನುಕೂಲವಿಲ್ಲ. ನಿನ್ನೆ ಖಾಲಿ ಓಡಿದ ಬಸ್ಸಿನ ಸೀಟು ಇವತ್ತಿನ ನೂಕುನುಗ್ಗಲಿಗೆ ಸಿಗುವುದಿಲ್ಲ. ದರ್ಶಿನಿ ಇವೆರಡರ ಮಧ್ಯೆ ಇದೆ. ಇಡ್ಲಿ ಹಾಟ್‌ಬಾಕ್ಸಿನಲ್ಲಿ ಸ್ವಲ್ಪ ಹೊತ್ತು ತಾಳೀತು, ದೋಸೆ ತಾಳದು. ಅದಕ್ಕೇ ಮಧ್ಯಾಹ್ನ ಮೂರಕ್ಕೆ ಕಾವಲಿ ತಣ್ಣಗಿದ್ದಾಗ, ಒಳಗೆ ಸಂಜೆಯ ಪಲ್ಯಕ್ಕೆ ಆಲೂಗಡ್ಡೆ ಬೇಯುತ್ತಿರುತ್ತದೆ.